ಆರನೇ ಕ್ಲಾಸ್ ಮಗನಿಗೆ ಇಂಥ ರ‍್ಯಾಪ್ ಬೇಕಾ?

ಕ್ಯಾತಸಂದ್ರದ ಅಮ್ಮ:
ಮಗ ಸ್ಕೂಲ್ ವ್ಯಾನಲ್ಲಿ ಇಂಗ್ಲಿಷ್ ರ‍್ಯಾಪ್ ಕಲಿತು ಬಂದಿದ್ದಾನೆ. ಅಜ್ಜಿ ಮುಂದೆಯೇ ಹಾಡುತ್ತಾನೆ. ಪುಣ್ಯಕ್ಕೆ ಅವರಿಗೆ ಇಂಗ್ಲಿಷ್ ಬರುವುದಿಲ್ಲ! ಯಾವುದು ಬೇಡ ಅಂತ ಗುರುತಿಸುವುದು ಹೇಗೆ?

ಶಿರಾ ಹುಡುಗ:
ಸ್ಪಾಟಿಫೈನಲ್ಲಿ ಹಾಡಿನ ಹೆಸರಿನ ಹತ್ತಿರ ಇಂಗ್ಲಿಷಿನ ‘E’ ಗುರುತು ನೋಡಿ ಅಕ್ಕಾ. ಎಕ್ಸ್‌ಪ್ಲಿಸಿಟ್, ಅಂದರೆ ಬೈಗುಳ, ಅಶ್ಲೀಲ ಮಾತು ಇರಬಹುದು ಅಂತ. ಸೆಟ್ಟಿಂಗ್ಸ್‌ನಲ್ಲಿ ಅಂಥವನ್ನು ಆಫ್ ಮಾಡಬಹುದು. ಅಮೆರಿಕದ ಸಂಗೀತ ಕಂಪನಿಗಳು ಇಂಥ ಎಚ್ಚರಿಕೆ ಗುರುತಿಗೆ 1985ರಲ್ಲೇ ಒಪ್ಪಿದ್ದವು.

ಕುಣಿಗಲ್ ಮೇಷ್ಟ್ರು:
ಆ ಗುರುತು ಎಷ್ಟು ವಯಸ್ಸಿಗೆ ಸರಿ ಅಂತ ಹೇಳುವುದಿಲ್ಲ. ಸಾಹಿತ್ಯ ಓದಿ ನೋಡಿ. ಬಡತನದ ಸಿಟ್ಟಿಗೆ ಒಂದು ಬೈಗುಳ ಬಂದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳನ್ನು ಹೀಯಾಳಿಸುವ ಹಾಡು, ಬೈಗುಳ ಇಲ್ಲದಿದ್ದರೂ ಬೇಡ. ಬೀಟ್ ಇಷ್ಟ ಅಂದರೆ ಎಷ್ಟೋ ಹಾಡಿಗೆ ಬೈಗುಳ ತೆಗೆದ ಕ್ಲೀನ್ ವರ್ಷನ್ ಸಿಗುತ್ತದಲ್ವಾ?

ಕ್ಯಾತಸಂದ್ರದ ಅಮ್ಮ:
ಸರಿ ಮೇಷ್ಟ್ರೇ. ವ್ಯಾನ್ ಡ್ರೈವರಣ್ಣನಿಗೂ ಹೇಳಬೇಕು, ಪೆನ್‌ಡ್ರೈವ್ ಅವರದ್ದೇ!