ಅಪ್‌ಡೇಟ್: ರಾಗಿ ಬೆಂಕಿರೋಗದ ಲೇಖನಗಳು ಸಿಕ್ಕವು

ರಾಗಿಯ ಬೆಂಕಿರೋಗದ ಬಗ್ಗೆ ಎಂ.ಎಸ್ಸಿ. ಪ್ರಬಂಧ ಬರೆಯುತ್ತಿದ್ದೇನೆ, ಗ್ರಂಥಾಲಯದ ಡೇಟಾಬೇಸ್‌ನಲ್ಲಿ 'ರಾಗಿ ಬ್ಲಾಸ್ಟ್' (ಬೆಂಕಿರೋಗಕ್ಕೆ ಇಂಗ್ಲಿಷ್‌ನಲ್ಲಿ 'ಬ್ಲಾಸ್ಟ್' ಎನ್ನುತ್ತಾರೆ) ಎಂದು ಹುಡುಕಿದರೆ ಬೆರಳೆಣಿಕೆಯ ಲೇಖನಗಳಷ್ಟೇ ಬರುತ್ತವೆ ಎಂದು ಹೋದ ವಾರ ಇಲ್ಲಿ ಗೋಳಾಡಿದ್ದೆ, ಹಲವರು ಸಲಹೆ ಕೊಟ್ಟಿದ್ದರು. ಈಗ ದಾರಿ ಸಿಕ್ಕಿದೆ.

ಕೈಹಿಡಿದದ್ದು 'ಹೆಸರು ಬದಲಿಸಿ ನೋಡಿ' ಎಂದವರ ಸಲಹೆ. ನಮ್ಮ ರಾಗಿ ಅಲ್ಲಿ 'ಫಿಂಗರ್ ಮಿಲೆಟ್', ಇಲ್ಲವೇ ವೈಜ್ಞಾನಿಕ ಹೆಸರಿನಲ್ಲಿ 'ಎಲ್ಯುಸಿನ್ ಕೊರಕಾನ'. ಎರಡನ್ನೂ ಬೇರೆ ಬೇರೆ ಉದ್ಧರಣ ಚಿಹ್ನೆಯೊಳಗಿಟ್ಟು, ನಡುವೆ 'ಆರ್' (OR, ಎರಡರಲ್ಲಿ ಒಂದಿದ್ದರೂ ಸಾಕು) ಹಾಕಿ, ಆವರಣದಲ್ಲಿ ಸೇರಿಸಿ, ಆಮೇಲೆ 'ಆ್ಯಂಡ್ ಬ್ಲಾಸ್ಟ್' (AND, ಜೊತೆಗೆ ಇದೂ ಇರಲೇಬೇಕು) ಬರೆದೆ. ಮೊದಲ ಸಲ ಆವರಣ ಮರೆತಿದ್ದೆ, 'ಬ್ಲಾಸ್ಟ್' ಎರಡನೇ ಹೆಸರಿಗಷ್ಟೇ ಅಂಟಿಕೊಂಡಿತು. ರೋಗದ ಸುದ್ದಿಯೇ ಇಲ್ಲದ, ರಾಗಿ ಹಿಟ್ಟಿನ ಕ್ಯಾಲ್ಸಿಯಂ ಕುರಿತ ಲೇಖನಗಳೆಲ್ಲ ಬಂದು ಕುಳಿತವು!

ನಗು ಬಂದದ್ದು ಇನ್ನೊಂದಕ್ಕೆ. ಜೀನ್‌ಗಳ ಅನುಕ್ರಮ ಹೋಲಿಸುವ ಸಾಫ್ಟ್‌ವೇರ್‌ನ ಹೆಸರೂ 'ಬ್ಲಾಸ್ಟ್'. ಅದನ್ನು ಬಳಸಿದ ಪ್ರಬಂಧಗಳೂ ನುಗ್ಗಿದ್ದವು. ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಮಾತ್ರ ಹುಡುಕುವಂತೆ ಮಾಡಿದ ಮೇಲೆ ಬಹುಪಾಲು ತೊಲಗಿದವು. ರೋಗ ತರುವ ಶಿಲೀಂಧ್ರಕ್ಕೂ 'ಪೈರಿಕುಲೇರಿಯಾ', 'ಮ್ಯಾಗ್ನಪೋರ್ಥೆ' ಎಂದು ಎರಡು ಹೆಸರಿವೆ, ಎರಡನ್ನೂ ಹುಡುಕಬೇಕು.

ಹುಡುಕಾಟವನ್ನು ಕಳೆದ ಐದು ವರ್ಷದ ಲೇಖನಗಳಿಗೆ ಸೀಮಿತಗೊಳಿಸುವ ಸಲಹೆ ಮಾತ್ರ ನನಗೆ ಆಗಿಬರಲಿಲ್ಲ. ತಳಿಗಳ ರೋಗನಿರೋಧಕತೆಯ ಹಳೆಯ ಪ್ರಯೋಗಗಳೇ ಮಾಯವಾದವು. ಪೂರ್ಣಪಠ್ಯ ತೆರೆಯದ ಎರಡು ಲೇಖನಗಳನ್ನು ಗ್ರಂಥಪಾಲಕರು ಬೇರೆ ಗ್ರಂಥಾಲಯದಿಂದ ತರಿಸಿಕೊಡುತ್ತಿದ್ದಾರೆ.