ಸಹಾಯ ಬೇಕು: ಫರ್ಸಿ ಕೆಲಸದವರು ವಿಶ್ವಕರ್ಮ ತರಬೇತಿ ತಗೊಂಡೀರೇನ್ರಿ?

ನಮಸ್ಕಾರ್ರಿ. ನಾವು ಶಹಾಬಾದದವರು. ಟೈಲ್ಸ್ ಬಂದ ಮ್ಯಾಲೆ ಫರ್ಸಿ (ನೆಲಕ್ಕ ಹಾಸೋ ಕಲ್ಲು) ಕೇಳೋರೇ ಕಡಿಮಿ. ಈ ವರ್ಷ ಅಂತೂ ನಮ್ಮಣ್ಣಗ ವಾರಕ್ಕ ಎರಡೇ ದಿನ ಕೆಲಸ. ಉಳಿ, ಸುತ್ತಿಗಿ ಗ್ವಾಡಿ ಮೂಲ್ಯಾಗ ಇಟ್ಟಾನ, ಹಿಡಿಕಿ ಮ್ಯಾಲೆ ಬಿಳಿ ಧೂಳು ಇನ್ನೂ ಹಂಗೇ ಅದ.

2023ರಾಗ ಶುರುವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬಿನಾಗ ಕಲ್ಲು ಒಡಿಯೋರೂ ಬರ್ತಾರ. ತರಬೇತಿಗೆ ದಿನಕ್ಕ 500 ರೂಪಾಯಿ, ಸಾಮಾನಿಗೆ 15,000 ತನಕ. ಅಂವಾ ಉಳಿಲೇ ಕಲ್ಲು ಒಡಿತಾನ, ಒಮ್ಮೊಮ್ಮೆ ಪಾಲಿಶ್ ಮಷೀನೂ ನಡಸ್ತಾನ. ಅಷ್ಟಕ್ಕೇ ಅರ್ಜಿ ತಗೊಳ್ಳೋರು "ಮಷೀನಿನವರಿಗೆ ಇಲ್ಲ" ಅಂದು ಕಳಿಸಿಬಿಟ್ರು! ಬಾಯಿಮಾತಷ್ಟೇ, ಬರದು ಏನೂ ಕೊಟ್ಟಿಲ್ಲ.

ಚಿತ್ತಾಪುರ, ಸೇಡಂ ಕಡೆ ಫರ್ಸಿಯವರು ಯಾರರ ಈ ತರಬೇತಿ ಮುಗಿಸಿದ್ರ, ಕಸುಬಿನ ಕಾಲಂನಾಗ ಏನಂತ ಬರ್ಸಿದ್ರಿ? ದಿನದ ಹಣ ಖಾತೆಗೆ ಬರಾಕ ಎಷ್ಟು ದಿನ ಹಿಡೀತು?