ಪದಚರ್ಚೆ: ರಟ್ಟಿನ ಕಮಾನಿಗೆ ‘ನೆರಿಗೆ’ಯೋ ‘ಮಡಿಕೆ’ಯೋ?

ಪ್ರಶ್ನೆ, ಬಳ್ಳಾರಿಯಿಂದ:
ಮಡಚಿದ ರಟ್ಟಿನಿಂದ ಆಳೆತ್ತರದ ಕಮಾನು ನಿಲ್ಲಿಸುವ ಬಗ್ಗೆ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಕೈಪಿಡಿ ಸಿದ್ಧವಾಗುತ್ತಿದೆ. ಕಾಗದ ಮಡಚುವ ಜಪಾನಿ ಕಲೆ ಓರಿಗಾಮಿಯ ‘ಮೌಂಟನ್ ಫೋಲ್ಡ್’ (ಗೆರೆ ಮೇಲಕ್ಕೆ ಉಬ್ಬುವ ಮಡಿಕೆ), ‘ವ್ಯಾಲಿ ಫೋಲ್ಡ್’ (ಗೆರೆ ಕೆಳಕ್ಕೆ ತಗ್ಗುವ ಮಡಿಕೆ)ಗಳಿಗೆ ‘ಪರ್ವತ ಮಡಿಕೆ’, ‘ಕಣಿವೆ ಮಡಿಕೆ’ ಎಂದರೆ ಕೃತಕ ಅನಿಸುತ್ತದೆ. ಬರೀ ‘ನೆರಿಗೆ’ ಸಾಲದೇ? ಮಡಚುವ ಮುನ್ನ ಗೆರೆ ಎಳೆಯುವುದಕ್ಕೆ ‘ಕೊರೆ’ ಸರಿಯೇ?

ಉತ್ತರ, ರಾಯಚೂರಿನಿಂದ:
‘ನೆರಿಗೆ’ ಬೇಡ ಸಾರ್. ಸೀರೆ ನೆರಿಗೆಯ ಗೆರೆಗಳು ಒಂದನ್ನೊಂದು ಕೂಡುವುದಿಲ್ಲ. ಜಪಾನಿನ ಬಾಹ್ಯಾಕಾಶ ವಿಜ್ಞಾನಿ ಕೋರ್ಯೋ ಮಿಯುರಾ ರೂಪಿಸಿದ ಮಡಿಕೆಯ (1995ರಲ್ಲಿ ಬಾಹ್ಯಾಕಾಶಕ್ಕೆ ಹೋದ ಸೌರಫಲಕಕ್ಕೆ ಬಳಸಿದ್ದು ಇದನ್ನೇ) ಜೀವವೆಲ್ಲ ಗೆರೆಗಳು ಕೂಡುವ ಗಂಟಿನಲ್ಲಿದೆ. ನಾಲ್ಕು ಗೆರೆ ಕೂಡುವಲ್ಲಿ ಮೂರು ಉಬ್ಬಿದರೆ ಒಂದು ತಗ್ಗಬೇಕು, ಇಲ್ಲವೇ ಮೂರು ತಗ್ಗಿ ಒಂದು ಉಬ್ಬಬೇಕು. ಎದುರುಬದುರಿನ ಎರಡು ಕೋನ ಕೂಡಿದರೆ 180 ಡಿಗ್ರಿ ಆಗಬೇಕು. ಎರಡು ಉಬ್ಬಿಸಿ ಎರಡು ತಗ್ಗಿಸಿದಿರೋ, ಚಪ್ಪಟೆಯಾಗಿ ಕೂರುವುದಿಲ್ಲ. ಒತ್ತಿದರೆ ಗಂಟಿನಲ್ಲೇ ಹರಿಯುತ್ತದೆ.

ನಮ್ಮ ರಸ್ತೆಗಳ ದಯೆಯಿಂದ ‘ತಗ್ಗು-ದಿನ್ನೆ’ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ‘ದಿನ್ನೆ ಮಡಿಕೆ’, ‘ತಗ್ಗು ಮಡಿಕೆ’ ಎನ್ನಿ. ಒಂದು ಕಡೆಯಿಂದ ದಿನ್ನೆಯಾದದ್ದು ಮಗುಚಿದರೆ ತಗ್ಗು, ಆದ್ದರಿಂದ ‘ಬಣ್ಣದ ಮಗ್ಗುಲು ಮೇಲೆ’ ಎಂದು ಪ್ರತಿ ಚಿತ್ರದಡಿ ಬರೆಯಿರಿ.

‘ಕೊರೆ’ ಎಂದರೆ ಹುಡುಗರು ಬ್ಲೇಡ್ ಹಿಡಿದು ಕತ್ತರಿಸಿಯೇ ಬಿಡುತ್ತಾರೆ. ‘ಗೀರು’ ಸರಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ರಟ್ಟಿಗೆ ಇಂಕು ಮುಗಿದ ಬಾಲ್‌ಪೆನ್ನು, ಸ್ಟೀಲ್ ಸ್ಕೇಲು ಸಾಕು. ನಾರು ಒತ್ತಿಕೊಳ್ಳಬೇಕು, ತುಂಡಾಗಬಾರದು. ಉದ್ದದ ಗೆರೆಗಳು ಕಾಗದದ ನಾರಿನ ದಿಕ್ಕಿಗೇ ಇರಲಿ. ಅಡ್ಡ ಬಂದರೆ ಮಡಿಕೆ ಬಿರಿಯುತ್ತದೆ, ಅದೂ ನಮ್ಮ ಏಪ್ರಿಲ್ ಬಿಸಿಲಿಗೆ ತೇವವಾರಿದ ರಟ್ಟಾದರೆ ಇನ್ನೂ ಬೇಗ.

ಮತ್ತೊಂದು ಉತ್ತರ, ಕೊಪ್ಪಳದಿಂದ:
ತಗ್ಗು-ದಿನ್ನೆಗೆ ನನ್ನದೂ ಒಪ್ಪಿಗೆ. ದಪ್ಪ ಹಲಗೆಯ ಕೆಲಸವಿದ್ದರೆ ‘ಸಂದು’ ಎಂಬ ಮಾತೂ ಸೇರಿಸಿ. 5 ಮಿ.ಮೀ. ಫೋಮ್ ಬೋರ್ಡಿನ ತುಂಡುಗಳನ್ನು ಮುಂಬದಿಗೆ ಬಟ್ಟೆ ಅಂಟಿಸಿ ಜೋಡಿಸುವಾಗ, ಮುಂದಿನಿಂದ ತಗ್ಗಾಗುವ ಕಡೆ ಸಂದು ಬೇಕಿಲ್ಲ. ದಿನ್ನೆಯಾಗುವ ಕಡೆ ದಪ್ಪದ ಎರಡರಷ್ಟು, ಅಂದರೆ 10 ಮಿ.ಮೀ. ಬಿಡಬೇಕು. ಬಿಡದಿದ್ದರೆ ಅಂಚಿಗೆ ಅಂಚು ತಾಗಿ ಬಟ್ಟೆ ಕಿತ್ತುಬರುತ್ತದೆ.

ಕಮಾನು ಎದ್ದ ಮೇಲೆ ಬುಡ ಹೊರಕ್ಕೆ ಸರಿಯುವುದಕ್ಕೆ ‘ಕಾಲು ಚಾಚುವುದು’ ಎನ್ನಬಹುದು. ಎರಡೂ ಬುಡವನ್ನು ನೆಲದಲ್ಲಿ ಪಟ್ಟಿಗೆ ಬಿಗಿದು, ನಡುವೆ ಹುರಿ ಕಟ್ಟಿದರೆ ನಿಲ್ಲುತ್ತದೆ. ಹೀಗೆ ಜಾಗದಲ್ಲಿ ನಿಲ್ಲಿಸುವ ಕಲಾಕೃತಿ, ಅಂದರೆ ‘ಇನ್‌ಸ್ಟಲೇಶನ್’ಗೆ ‘ಪ್ರತಿಷ್ಠಾಪನೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಗಣೇಶ ಹಬ್ಬದ ತಿಂಗಳಲ್ಲಿ ಪ್ರದರ್ಶನ ಇಟ್ಟುಕೊಂಡರೆ ಮಾತ್ರ ಕರಪತ್ರದಲ್ಲಿ ‘ಕಲಾ’ ಸೇರಿಸಿ.